ಹೃದಯಕ್ಕೆ ಬಾಗಿಲು ಕಟ್ಟಿದ ವೈದ್ಯ: ಡಾ. ಎಂ. ಎಸ್. ವಲಿಯತ್ತಾನ್

ಮುತ್ತಿನಕೊಪ್ಪ, ನರಸಿಂಹರಾಜಪುರ, ಕೊಪ್ಪ, ಶೃಂಗೇರಿಯ ಸುತ್ತಿನ ಮನೆಗಳಲ್ಲಿ ಯಾರಿಗಾದರೂ ಕಾಯಿಲೆ ಬಲಿತರೆ ಹಿರಿಯರು ಹೇಳುವ ಮಾತು ಒಂದೇ: "ಮಣಿಪಾಲಕ್ಕೆ ಕರೆದುಕೊಂಡು ಹೋಗಿ." ಘಟ್ಟದ ಕೆಳಗಿನ ಆ ಊರಿನ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾಗಿದ್ದವರು ಒಬ್ಬ ಹೃದಯ ಶಸ್ತ್ರಚಿಕಿತ್ಸಕರು ಎಂಬ ಸಂಗತಿ ಸದ್ಭಕ್ತರಲ್ಲಿ ಅನೇಕರಿಗೆ ತಿಳಿದಿರಲಾರದು. ಅವರೇ ಡಾ. ಎಂ. ಎಸ್. ವಲಿಯತ್ತಾನ್.

ಅವರು ಜನಿಸಿದ್ದು 1934ರಲ್ಲಿ, ಕೇರಳದ ಮಾವೇಲಿಕ್ಕರದಲ್ಲಿ. ತಿರುವನಂತಪುರದಲ್ಲಿ ವೈದ್ಯ ಪದವಿ ಪಡೆದು, ಇಂಗ್ಲೆಂಡ್ ಹಾಗೂ ಅಮೆರಿಕಗಳಲ್ಲಿ ಶಸ್ತ್ರವಿದ್ಯೆಯಲ್ಲಿ ಪಳಗಿದರು. ಅಲ್ಲಿಯೇ ನೆಲೆಸಲು ಅವಕಾಶವಿದ್ದರೂ 1970ರ ದಶಕದ ಆರಂಭದಲ್ಲಿ ತಾಯ್ನಾಡಿಗೆ ಮರಳಿದರು. ತಿರುವಾಂಕೂರು ರಾಜಮನೆತನವು ದಾನವಾಗಿ ನೀಡಿದ ಕಟ್ಟಡದಲ್ಲಿ ಆರಂಭವಾದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯನ್ನು ಸುಮಾರು ಎರಡು ದಶಕ ಮುನ್ನಡೆಸಿದರು. 1980ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಮಾನ್ಯ ಮಾಡಿತು.

ಅಲ್ಲಿಗೆ ಬರುತ್ತಿದ್ದವರಲ್ಲಿ ಸಂಧಿವಾತ ಜ್ವರದಿಂದ ಹೃದಯ ಕೆಟ್ಟ ಬಡವರು, ಎಳೆಯರು ಬಹಳ. ಬಾಲ್ಯದಲ್ಲಿ ಅಲಕ್ಷಿಸಿದ ಗಂಟಲುನೋವೇ ಈ ರೋಗಕ್ಕೆ ಮೂಲವಾಗಬಲ್ಲದು. ಸೋಂಕಿನ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾಶಕ್ತಿಯು ತನ್ನದೇ ಹೃದಯದ ಮೇಲೆ ತಿರುಗಿಬೀಳುತ್ತದೆ. ರಕ್ತವನ್ನು ಒಂದೇ ದಿಕ್ಕಿಗೆ ಬಿಡುವ ಕವಾಟಗಳು ಮುದುಡುತ್ತವೆ, ಇಲ್ಲವೇ ಸೋರುತ್ತವೆ. ಆಗ ಕೃತಕ ಕವಾಟವೇ ಗತಿ. ಅಂದು ಅದು ಹೊರದೇಶಗಳಿಂದಲೇ ಬರಬೇಕಿತ್ತು. ಅದರ ಬೆಲೆ ಬಡವರ ಕೈಗೆಟುಕುತ್ತಿರಲಿಲ್ಲ.

ಹಾಗಾದರೆ ನಾವೇ ಏಕೆ ಮಾಡಬಾರದು ಎಂದು ಅವರು ಎಂಜಿನಿಯರುಗಳೊಡನೆ ಕೆಲಸಕ್ಕೆ ತೊಡಗಿದರು. ನಿಮಿಷಕ್ಕೆ 72 ಬಡಿತದ ಲೆಕ್ಕದಲ್ಲಿ ಕವಾಟವು ವರ್ಷಕ್ಕೆ 3 ಕೋಟಿ 78 ಲಕ್ಷ ಸಲ ತೆರೆದು ಮುಚ್ಚಬೇಕು, ಒಮ್ಮೆಯೂ ತಪ್ಪುವಂತಿಲ್ಲ. ಮೊದಲ ಮೂರು ಮಾದರಿಗಳು ಪರೀಕ್ಷೆಯ ಹಂತದಲ್ಲಿಯೇ ಸೋತವು. ಪ್ರತಿ ಸೋಲಿನ ಕಾರಣವನ್ನು ಹುಡುಕಿ, ಲೋಹವನ್ನೂ ಬಿಲ್ಲೆಯನ್ನೂ ಬದಲಿಸುತ್ತ ಹೋದರು. ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟಿನಲ್ಲಿ ವಿಶೇಷ ಬಗೆಯ ಪಾಲಿಥಿನ್ ಬಿಲ್ಲೆ ವಾಲುವಂತೆ ರಚಿಸಿದ ನಾಲ್ಕನೆಯ ಮಾದರಿ ಗೆದ್ದಿತು. 1990ರ ಡಿಸೆಂಬರಿನಲ್ಲಿ ಅದನ್ನು ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ಮುಂದೆ ಟಿ.ಟಿ.ಕೆ. ಸಮೂಹವು ತಯಾರಿಸಿದ ಈ 'ಚಿತ್ರಾ' ಕವಾಟ ಇಂದು ಒಂದು ಲಕ್ಷಕ್ಕೂ ಹೆಚ್ಚು ಹೃದಯಗಳನ್ನು ಸೇರಿದೆ.

1993ರಲ್ಲಿ ಮಣಿಪಾಲದ ಸಂಸ್ಥೆಗಳಿಗೆ ವಿಶ್ವವಿದ್ಯಾಲಯದ ಮಾನ್ಯತೆ ದೊರೆತಾಗ ವಲಿಯತ್ತಾನರು ಕುಲಪತಿಯಾಗಿ ಬಂದು 1999ರವರೆಗೆ ಸೇವೆ ಸಲ್ಲಿಸಿದರು. ಅಧಿಕಾರದಿಂದ ಇಳಿದ ಬಳಿಕ ವಿಶ್ರಾಂತಿ ಬಯಸಲಿಲ್ಲ, ಆಯುರ್ವೇದದ ವಿದ್ಯಾರ್ಥಿಯಾದರು. ಚರಕ, ಸುಶ್ರುತ, ವಾಗ್ಭಟರ ಸಂಹಿತೆಗಳನ್ನು ಅಭ್ಯಸಿಸಿ ಇಂಗ್ಲಿಷಿನಲ್ಲಿ ಮೂರು ಗ್ರಂಥಗಳನ್ನು ರಚಿಸಿದರು. 2005ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಅವರನ್ನು ಅರಸಿ ಬಂತು. 2024ರ ಜುಲೈ 17ರಂದು ಮಣಿಪಾಲದಲ್ಲಿಯೇ ನಿಧನರಾದರು.

ಕಾಯಕವೆಂದರೆ ದುಡಿಮೆ ಮಾತ್ರವಲ್ಲ, ಅದರ ಫಲ ಸಮಾಜಕ್ಕೆ ಸಲ್ಲಬೇಕು ಎಂದು ನಂಬಿದವರು ನಾವು. ಆ ಮಾತಿಗೆ ಅನ್ಯನಾಡಿನಲ್ಲಿ ಹುಟ್ಟಿ ನಮ್ಮ ನೆರೆಯಲ್ಲಿ ಬಾಳಿದ ಈ ವೈದ್ಯರ ಬದುಕು ನಿದರ್ಶನವಾಗಿದೆ. ಸೋತ ಮೂರು ಮಾದರಿಗಳನ್ನು ಅವರು ಅವಮಾನವೆಂದು ಬಗೆದು ಕೈಬಿಟ್ಟಿದ್ದರೆ ನಾಲ್ಕನೆಯದು ಹುಟ್ಟುತ್ತಿರಲಿಲ್ಲ.

ಕೊನೆಯದಾಗಿ, ಭಕ್ತರಲ್ಲಿ ಎರಡು ವಿನಂತಿ. ಮಕ್ಕಳಿಗೆ ಜ್ವರದೊಡನೆ ಗಂಟಲುನೋವು ಬಂದರೆ, ಆಮೇಲೆ ಕೀಲುಗಳು ಊದಿಕೊಂಡರೆ, ಕಷಾಯ ಕುಡಿಸಿ ಸುಮ್ಮನಾಗದೆ ವೈದ್ಯರಿಗೆ ತೋರಿಸಿರಿ. ಲೋಹದ ಕವಾಟ ಅಳವಡಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ವೈದ್ಯರ ಅನುಮತಿಯಿಲ್ಲದೆ ಎಂದಿಗೂ ನಿಲ್ಲಿಸಬೇಡಿರಿ, ರಕ್ತಪರೀಕ್ಷೆಯನ್ನೂ ತಪ್ಪಿಸಬೇಡಿರಿ. ಅಷ್ಟು ಶ್ರಮದಿಂದ ಕಟ್ಟಿದ ಬಾಗಿಲನ್ನು ಕಾಯುವ ಹೊಣೆ ನಮ್ಮದು.