“ತಲಿಗೆ ಹತ್ತೂದಿಲ್ಲ” ಅಂದವರಾರು?

ಎಸ್‌.ಎಸ್‌.ಎಲ್‌.ಸಿ. ಫಲಿತಾಂಶ ಬಂದ ವಾರ ಧಾರವಾಡದಿಂದ ಉಪ್ಪಿನಬೆಟಗೇರಿಗೆ ಹೋಗುವ ಬಸ್ಸು ಹತ್ತಿದವರಿಗೆ ಒಂದು ಮಾತು ಕಿವಿಗೆ ಬೀಳದೆ ಇರದು. “ನಮ್ಮ ಹುಡುಗನ ತಲಿಗೆ ಓದು ಹತ್ತೂದಿಲ್ರೀ. ಹಣೇಬರಹದಾಗ ಬರದಿಲ್ಲ. ಹೊಲಕ್ಕ ಹಚ್ಚಿಬಿಡೂದು.” ಎದುರು ಸೀಟಿನವರೂ ತಲೆ ಹಾಕುತ್ತಾರೆ. “ಖರೇ ಐತಿ ಬಿಡ್ರಿ, ಬುದ್ಧಿ ಅನ್ನೂದು ಹುಟ್ಟತಾನ ಬರಬೇಕು.” ಅಷ್ಟರಲ್ಲಿ ಕಂಡಕ್ಟರ್ ಬರುತ್ತಾನೆ, ಚಿಲ್ಲರೆಯ ತಕರಾರು ಶುರುವಾಗುತ್ತದೆ, ಮಾತು ಮುಗಿಯುತ್ತದೆ. ಹದಿನೈದು ಹದಿನಾರು ವರ್ಷದ ಹುಡುಗನ ಮೇಲೆ ತೀರ್ಪು ಮಾತ್ರ ಆಗಿಹೋಗಿರುತ್ತದೆ. ವಕೀಲರಿಲ್ಲ, ಸಾಕ್ಷಿಯಿಲ್ಲ, ಅಪೀಲೂ ಇಲ್ಲ.

ಹುಡುಗಿಯಾದರೆ ತೀರ್ಪು ಇನ್ನೂ ಲಗು. ಸಾಲಿ ಬಿಡಿಸಿ ಒಲೆಯ ಮುಂದೆ ಕೂಡಿಸುವುದು, ಹದಿನೆಂಟು ತುಂಬುವುದನ್ನೇ ಕಾಯುವುದು.

ಬುದ್ಧಿ ಎಂಬುದು ಹುಟ್ಟಿದಾಗ ಅಳೆದು ಕೊಟ್ಟ ಜೋಳವೇ? ಸೇರು ತುಂಬಿದವನಿಗೆ ಸೇರು, ಪಾವಿನವನಿಗೆ ಪಾವೇ ಗತಿಯೇ? ಅಥವಾ ಅದು ಬಿತ್ತಿ ಬೆಳೆಯುವ ವಸ್ತುವೇ? ಇದು ಬರೇ ಮಾಸ್ತರರ ಚರ್ಚೆ ಅಲ್ಲ. ಮನೆಮನೆಯಲ್ಲಿ ಯಾರನ್ನು ಓದಿಸಬೇಕು, ಯಾರನ್ನು ಬಿಡಿಸಬೇಕು ಎಂಬುದು ಈ ಪ್ರಶ್ನೆಯ ಮೇಲೆಯೇ ನಿಂತಿದೆ.

ಕಾಮತರ ಅಳತೆಗೋಲು

ಬುದ್ಧಿಯನ್ನು ಅಳೆಯುವ ಕೆಲಸಕ್ಕೂ ಈ ಸೀಮೆಗೂ ಹಳೆಯ ನಂಟು. 1930ರ ದಶಕದಲ್ಲಿ ಡಾ. ವಿ. ವಿ. ಕಾಮತ ಎಂಬ ಶಿಕ್ಷಣತಜ್ಞರು ಫ್ರಾನ್ಸಿನ ಬುದ್ಧಿಪರೀಕ್ಷೆಯೊಂದನ್ನು ಕನ್ನಡ ಹಾಗೂ ಮರಾಠಿ ಆಡುವ ಮಕ್ಕಳಿಗೆ ಒಗ್ಗುವಂತೆ ತಿದ್ದಿದರು. ಆಗ ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಇಲಾಖೆಯಲ್ಲಿದ್ದವು. ಆದ್ದರಿಂದ ಅದಕ್ಕೆ ಮುಂಬಯಿ-ಕರ್ನಾಟಕ ಪರಿಷ್ಕರಣ ಎಂದೇ ಹೆಸರಾಯಿತು. ‘ಬಿನೆ-ಕಾಮತ ಪರೀಕ್ಷೆ’ ಎಂಬ ಹೆಸರಿನಲ್ಲಿ ದೇಶದ ಆಸ್ಪತ್ರೆಗಳಲ್ಲಿ, ಮಕ್ಕಳ ಚಿಕಿತ್ಸಾ ಕೇಂದ್ರಗಳಲ್ಲಿ ಅದು ಇವತ್ತಿಗೂ ಬಳಕೆಯಲ್ಲಿದೆ.

ಈ ಹೆಸರಿನ ಬಿನೆ ಯಾರು? ಪ್ಯಾರಿಸಿನ ಆಲ್ಫ್ರೆಡ್ ಬಿನೆ. ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸುವ ಬಗೆ ಹೇಗೆಂದು 1904ರಲ್ಲಿ ಫ್ರೆಂಚ್ ಸರಕಾರ ಒಂದು ಸಮಿತಿ ಮಾಡಿತು. ಮರುವರ್ಷ, 1905ರಲ್ಲಿ, ಬಿನೆ ಮತ್ತು ಅವರ ಜೊತೆಗಾರ ಸಿಮೋ ಕೂಡಿ ಜಗತ್ತಿನ ಮೊದಲ ಬುದ್ಧಿಪರೀಕ್ಷೆಯನ್ನು ತಯಾರಿಸಿದರು. ಉದ್ದೇಶ ಒಂದೇ: ಯಾವ ಮಗುವಿಗೆ ಹೆಚ್ಚಿನ ಆಸರೆ ಬೇಕು ಎಂದು ತಿಳಿಯುವುದು. ಸಾಲಿಯಿಂದ ಹೊರಗೆ ಹಾಕುವುದಕ್ಕಲ್ಲ.

ಬುದ್ಧಿ ಹೆಚ್ಚಾಗದ ವಸ್ತು ಎನ್ನುವವರ ಮೇಲೆ ಬಿನೆ 1909ರ ತಮ್ಮ ಪುಸ್ತಕದಲ್ಲಿ ಹರಿಹಾಯ್ದರು. ಅಂಥ ನಿರಾಶಾವಾದದ ವಿರುದ್ಧ ಪ್ರತಿಭಟಿಸಲೇಬೇಕು ಎಂಬುದು ಅವರ ವಾದ. ಎರಡೇ ವರ್ಷದಲ್ಲಿ ಅವರು ತೀರಿಹೋದರು. ಅವರ ಅಳತೆಗೋಲು ಅಮೆರಿಕ ಮುಟ್ಟಿದ ಮೇಲೆ ಅದಕ್ಕೆ ‘ಐ.ಕ್ಯೂ.’ ಎಂಬ ಅಂಕಿ ಅಂಟಿತು, ಅಂಕಿ ಹಣೆಯ ಮುದ್ರೆಯಾಯಿತು. ಜ್ವರ ನೋಡುವ ಕಡ್ಡಿಯನ್ನೇ ರೋಗ ಅಂದಹಾಗಾಯಿತು.

ಆ ಅಂಕಿಯಾದರೂ ಸ್ಥಿರವೇ? ಅದೂ ಇಲ್ಲ. ಜೇಮ್ಸ್ ಫ್ಲಿನ್ ಎಂಬ ನ್ಯೂಜಿಲೆಂಡಿನ ಪ್ರಾಧ್ಯಾಪಕರು 1984 ಮತ್ತು 1987ರಲ್ಲಿ ಹಳೆಯ ಲೆಕ್ಕಗಳನ್ನು ಕೆದಕಿದರು. ಅಮೆರಿಕದಲ್ಲಿ ಹತ್ತು ವರ್ಷಕ್ಕೆ ಸುಮಾರು 3 ಅಂಕದಂತೆ ಜನರ ಬುದ್ಧಿಯಂಕ ಏರುತ್ತಲೇ ಬಂದಿತ್ತು. ಇತರ ಅನೇಕ ದೇಶಗಳಲ್ಲೂ ಅದೇ ಕಥೆ. ಎರಡು ಮೂರು ತಲೆಮಾರಿನಲ್ಲಿ ಮನುಷ್ಯರ ರಕ್ತ ಬದಲಾಗುವುದಿಲ್ಲ. ಬದಲಾದದ್ದು ಊಟ, ಔಷಧ, ಸಾಲಿ, ಮನೆಯ ಮಾತುಕತೆ.

ಬೀಜವೂ ಖರೆ, ಎರಿಯೂ ಖರೆ

ಹಾಗಂತ ಹುಟ್ಟಿಗೆ ಏನೂ ಬೆಲೆಯಿಲ್ಲ ಅಂದರೆ ಸುಳ್ಳಾದೀತು. ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಒಬ್ಬ ಮಗ್ಗಿ ಒಂದು ಸಲಕ್ಕೆ ಹಿಡಿಯುತ್ತಾನೆ, ಇನ್ನೊಬ್ಬನಿಗೆ ಹತ್ತು ಸಲ ಬೇಕು. ಅವಳಿ ಮಕ್ಕಳ ಮೇಲಿನ ಅಧ್ಯಯನಗಳೂ ಹುಟ್ಟಿನ ಪಾಲು ಇದೆ ಎಂದೇ ಹೇಳುತ್ತವೆ. ಆದರೆ ಎಷ್ಟು ಪಾಲು?

ಇದನ್ನು ತಿಳಿಯಲು ಉಪ್ಪಿನಬೆಟಗೇರಿಯ ರೈತನಿಗೆ ಪುಸ್ತಕ ಬೇಡ. ಒಂದೇ ಚೀಲದ ಜೋಳವನ್ನು ಅರ್ಧ ಒಳ್ಳೆ ಎರಿ ಹೊಲದಲ್ಲಿ, ಅರ್ಧ ಕಲ್ಲು ಗರಸಿನಲ್ಲಿ ಬಿತ್ತಲಿ. ಎರಿಯಲ್ಲಿ ಯಾವ ಕಾಳು ಜೋರು, ಯಾವುದು ಸಪ್ಪೆ ಎಂಬುದು ಕಾಣುತ್ತದೆ. ಗರಸಿನಲ್ಲಿ ಎಲ್ಲವೂ ಮೊಳಕಾಲುದ್ದ. ಅಲ್ಲಿ ನಿಂತು “ಈ ಬೀಜನ ಕೆಟ್ಟದ್ದು” ಅನ್ನುವ ರೈತ ಇದ್ದಾನೆಯೇ?

ಅಮೆರಿಕದಲ್ಲಿ ಏಳು ವರ್ಷದ ಅವಳಿ ಮಕ್ಕಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೆಚ್ಚುಕಡಿಮೆ ಇದನ್ನೇ ಹೇಳಿತು. ಉಳ್ಳವರ ಮನೆಯಲ್ಲಿ ಮಕ್ಕಳ ಅಂತರಕ್ಕೆ ಹುಟ್ಟೇ ಮುಖ್ಯ ಕಾರಣ. ಕಡುಬಡವರ ಮನೆಯಲ್ಲಿ ಹುಟ್ಟಿನ ಪಾಲು ತೀರ ಕಡಿಮೆ, ಮನೆಯ ಪರಿಸ್ಥಿತಿಯೇ ಎಲ್ಲ. ಯುರೋಪಿನಲ್ಲಿ ಮುಂದೆ ನೋಡಿದಾಗ ಬಡವ-ಶ್ರೀಮಂತರ ನಡುವೆ ಇಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಬಡವರ ಮಗುವಿಗೂ ಒಳ್ಳೆಯ ಸಾಲಿ, ದವಾಖಾನೆ ಸಿಗುವುದು ಇದಕ್ಕೆ ಕಾರಣವಿರಬಹುದು ಎಂಬುದು ತಜ್ಞರ ಊಹೆ.

ಡ್ರೈವರನ ಮಿದುಳು

ಮಿದುಳು ಬೆಳೆದದ್ದನ್ನು ಕಣ್ಣಿಂದ ಕಂಡವರಿದ್ದಾರೆಯೇ? ಇದ್ದಾರೆ. ಲಂಡನ್ನಿನಲ್ಲಿ ಟ್ಯಾಕ್ಸಿ ಪರವಾನಗಿ ಬೇಕಾದರೆ ನಡುಪೇಟೆಯ ಸುತ್ತ ಆರು ಮೈಲಿಯೊಳಗಿನ ಸುಮಾರು 25,000 ಓಣಿಗಳನ್ನು ಬಾಯಿಪಾಠ ಮಾಡಬೇಕು. ಮೂರು ನಾಲ್ಕು ವರ್ಷದ ತಪಸ್ಸು. ಅದನ್ನು ಕಲಿಯಲು ಹೊರಟವರ ಮಿದುಳಿನ ಚಿತ್ರವನ್ನು ವಿಜ್ಞಾನಿಗಳು ಕಲಿಕೆಗೆ ಮೊದಲೂ ತೆಗೆದರು, ಆಮೇಲೂ ತೆಗೆದರು. 2011ರಲ್ಲಿ ಫಲಿತಾಂಶ ಹೊರಬಂತು. ಶುರುವಿನಲ್ಲಿ ಎಲ್ಲರದೂ ಒಂದೇ ಥರ. ಕಲಿತು ಪಾಸಾದವರಲ್ಲಿ ನೆನಪಿಗೆ ಸಂಬಂಧಿಸಿದ ಭಾಗ ಹಿಗ್ಗಿತ್ತು. ಪಾಸಾಗದವರಲ್ಲಿ, ಕಲಿಯದೇ ಇದ್ದವರಲ್ಲಿ ಹಿಗ್ಗಿರಲಿಲ್ಲ. ಇವರೆಲ್ಲ ಚಿಕ್ಕ ಮಕ್ಕಳಲ್ಲ, ದೊಡ್ಡವರು.

ಅಂಗಡಿಯ ಜಾಣ, ಸಾಲಿಯ ದಡ್ಡ

ಇನ್ನು ವ್ಯಾಪಾರಸ್ಥರು ದಿನಾ ನೋಡುವ ಸಂಗತಿ. ಸಂತೆಯಲ್ಲಿ ಕಾಯಿಪಲ್ಯೆ ಮಾರುವ ಹುಡುಗ ಅಲ್ಲಲ್ಲೇ ಲೆಕ್ಕ ಹಾಕುತ್ತಾನೆ. ಕಿಲೋಕ್ಕೆ ನಲವತ್ತರಂತೆ ಮುಕ್ಕಾಲು ಕಿಲೋ ಬದನಿಕಾಯಿ, ಎರಡು ಸೂಡು ಮೆಂತೆ, ನೂರರ ನೋಟಿಗೆ ಚಿಲ್ಲರೆ ವಾಪಸು. ಪೆನ್ನಿಲ್ಲ, ಮಶೀನಿಲ್ಲ. ಅದೇ ಹುಡುಗ ಸಾಲಿಯ ಗಣಿತದಲ್ಲಿ ನಪಾಸು. ಅವನು ಜಾಣನೋ ದಡ್ಡನೋ?

ಕಲಕತ್ತೆ ಮತ್ತು ದಿಲ್ಲಿಯ ಪೇಟೆಗಳಲ್ಲಿ ಕೆಲಸ ಮಾಡುವ 1,400ಕ್ಕೂ ಹೆಚ್ಚು ಮಕ್ಕಳನ್ನು ಅರ್ಥಶಾಸ್ತ್ರಜ್ಞರು ಹೀಗೇ ಪರೀಕ್ಷಿಸಿದರು. ಅವರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಕೂಡ ಇದ್ದರು. ವರದಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ವ್ಯಾಪಾರದ ತೊಡಕು ಲೆಕ್ಕವನ್ನು ಬಾಯಲ್ಲೇ ಬಿಡಿಸುವ ಮಕ್ಕಳು, ಪುಸ್ತಕದ ಸಾದಾ ಕಳೆಯುವ-ಭಾಗಿಸುವ ಲೆಕ್ಕದಲ್ಲಿ ತಡವರಿಸಿದರು. ತಮಾಷೆ ಎಂದರೆ, ಪುಸ್ತಕದ ಲೆಕ್ಕದಲ್ಲಿ ಮುಂದಿದ್ದ ಸಾಲಿಯ ಮಕ್ಕಳನ್ನು ಅಂಗಡಿಯ ಲೆಕ್ಕಕ್ಕೆ ಕೂಡಿಸಿದರೆ ಅವರೂ ತಡವರಿಸಿದರು. ಅಂದಮೇಲೆ ಕೊರತೆ ಇರುವುದು ತಲೆಯಲ್ಲಲ್ಲ. ಪೇಟೆಗೂ ಪಾಟಿಗೂ ನಡುವೆ ಸೇತುವೆ ಕಟ್ಟಿದವರಿಲ್ಲ, ಅಷ್ಟೇ.

ಉಪ್ಪಿನ ಮಾತು

ಹೆಸರಿನಲ್ಲೇ ಉಪ್ಪು ಇಟ್ಟುಕೊಂಡ ಊರಿಗೆ ಉಪ್ಪಿನ ಮಾತು ಹೇಳದಿದ್ದರೆ ಹೇಗೆ? ಬುದ್ಧಿಗೂ ಉಪ್ಪಿಗೂ ನೇರ ಸಂಬಂಧವಿದೆ. ಬಸುರಿಗೆ ಅಯೋಡಿನ್ ತೀರ ಕಡಿಮೆಯಾದರೆ ಹೊಟ್ಟೆಯೊಳಗಿನ ಕೂಸಿನ ಮಿದುಳು ಸರಿಯಾಗಿ ಬೆಳೆಯುವುದಿಲ್ಲ. ಅಯೋಡಿನ್ ಕೊರತೆ ಹೆಚ್ಚಿರುವ ಪ್ರದೇಶದ ಮಕ್ಕಳ ಬುದ್ಧಿಯಂಕ ಸರಾಸರಿ ಹತ್ತಕ್ಕೂ ಮಿಕ್ಕಿ ಕೆಳಗಿರುತ್ತದೆ ಎಂದು ಅನೇಕ ಅಧ್ಯಯನಗಳು ತೋರಿಸಿವೆ. ಹಾಗೆ ಹೋದ ಬುದ್ಧಿ ಆಮೇಲೆ ಎಷ್ಟು ಟ್ಯೂಷನ್ ಹಚ್ಚಿದರೂ ಪೂರಾ ತಿರುಗಿ ಬಾರದು.

ಭಾರತದಲ್ಲಿ ಇದಕ್ಕೆ ಮದ್ದು ಕಂಡದ್ದು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ. 1956ರಿಂದ ಡಾ. ರಾಮಲಿಂಗಸ್ವಾಮಿಯವರ ತಂಡ ಅಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸಿ ಗಂಟಲವಾಳ ರೋಗವನ್ನು ತಗ್ಗಿಸಿತು. 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂತು. 2006ರ ಮೇ ತಿಂಗಳಿಂದ ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆಂದು ಮಾರುವುದಕ್ಕೆ ದೇಶದಾದ್ಯಂತ ನಿಷೇಧವಿದೆ. ಗಿರಾಕಿಯ ಕೈ ಸೇರುವಾಗ ಹತ್ತು ಲಕ್ಷ ಭಾಗಕ್ಕೆ ಕನಿಷ್ಠ 15 ಭಾಗ ಅಯೋಡಿನ್ ಇರಲೇಬೇಕೆಂಬುದು ಕಾಯಿದೆ.

ಕಾಯಿದೆ ಕಾಗದದ ಮೇಲಿದ್ದರೆ ಸಾಲದು. ಬಿಸಿಲು, ತೇವಕ್ಕೆ ಅಯೋಡಿನ್ ಹಾರಿಹೋಗುತ್ತದೆ. ಬಾಯಿ ತೆರೆದ ಚೀಲವನ್ನು ಅಂಗಡಿ ಕಟ್ಟೆಯ ಮೇಲೆ ಮಳೆಗಾಳಿಗೆ ಒಡ್ಡುವುದು, ದನಕ್ಕೆ ತಂದ ಹರಳುಪ್ಪನ್ನೇ ಅಡಿಗೆಗೂ ಅಳೆದುಕೊಡುವುದು, ಎರಡೂ ಬೇಡ. ಮನೆಯಲ್ಲಿ ಮುಚ್ಚಳದ ಡಬ್ಬಿ ಇರಲಿ. ಒಂದು ಊರಿನ ಬುದ್ಧಿಯನ್ನು ಕಾಯುವವರಲ್ಲಿ ಕಿರಾಣಿ ಅಂಗಡಿಯವನೂ ಒಬ್ಬ ಎಂದರೆ ಅತಿಶಯೋಕ್ತಿ ಏನಲ್ಲ.

ಬರೇ ಶಭಾಷ್ ಸಾಲದು

ಈಚೆಗೆ ಪಟ್ಟಣದ ಸಾಲಿಗಳಲ್ಲಿ ಇನ್ನೊಂದು ಗಾಳಿ ಬೀಸಿದೆ. “ನಿನ್ನ ಬುದ್ಧಿ ಬೆಳೀತೈತಿ ಅಂತ ನಂಬು, ಎಲ್ಲಾ ಆಗತೈತಿ” ಎಂದು ಮಕ್ಕಳಿಗೆ ಹೇಳಿಕೊಡುವುದು. ಅಮೆರಿಕದ ಕ್ಯಾರಲ್ ಡ್ವೆಕ್ ಎಂಬ ಪ್ರಾಧ್ಯಾಪಕಿಯ ವಿಚಾರ ಇದರ ಮೂಲ. ವಿಚಾರದಲ್ಲಿ ಹುರುಳಿಲ್ಲದಿಲ್ಲ. 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕದ ಸುಮಾರು 12,000 ಒಂಬತ್ತನೇ ಇಯತ್ತೆಯ ಮಕ್ಕಳಲ್ಲಿ ಒಂದು ಪಾಲಿಗೆ ಒಂದು ತಾಸಿಗೂ ಕಡಿಮೆ ಹೊತ್ತಿನಲ್ಲಿ ಈ ಪಾಠ ಹೇಳಲಾಯಿತು. ಹಿಂದುಳಿದ ಮಕ್ಕಳ ಅಂಕ ನಾಲ್ಕರ ಅಳತೆಯಲ್ಲಿ 0.1ರಷ್ಟು ಏರಿತು. ಏರಿದ್ದು ಖರೆ, ಸಣ್ಣದೂ ಖರೆ. ಮಂತ್ರಕ್ಕೆ ಮಾವಿನಕಾಯಿ ಉದುರುವುದಿಲ್ಲ.

ಹಾಗಾದರೆ ಗಟ್ಟಿಯಾಗಿ ಬುದ್ಧಿ ಬೆಳೆಸುವುದು ಯಾವುದು? ಉತ್ತರ ತೀರ ಸಾದಾ: ಸಾಲಿ. 2018ರಲ್ಲಿ ಇಬ್ಬರು ಸಂಶೋಧಕರು ಆರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಹೆಚ್ಚಿನ ಒಂದೊಂದು ವರ್ಷದ ಓದಿಗೆ ಬುದ್ಧಿಯಂಕ 1ರಿಂದ 5ರವರೆಗೆ ಏರುತ್ತದೆ ಎಂದು ಲೆಕ್ಕ ಬಂತು. ಬುದ್ಧಿ ಇದ್ದವರು ಹೆಚ್ಚು ಓದುತ್ತಾರೆ ಎಂಬುದಷ್ಟೇ ಅಲ್ಲ, ಓದಿದ್ದರಿಂದಲೇ ಬುದ್ಧಿ ಹೆಚ್ಚಿತು ಎಂಬುದು ಇದರ ತಿರುಳು.

ಈಗ ಬಸ್ಸಿನ ಮಾತನ್ನು ಇನ್ನೊಮ್ಮೆ ತೂಗಿ ನೋಡಬೇಕು. “ಬುದ್ಧಿ ಇಲ್ಲ, ಅದಕ್ಕ ಸಾಲಿ ಬಿಡಸೂದು” ಎನ್ನುವುದು, ಬೆಳೆ ಬಾಡಿದೆ ಎಂದು ನೀರು ನಿಲ್ಲಿಸಿದಂತೆ. ಯಾವುದರಿಂದ ಬುದ್ಧಿ ಬೆಳೆಯುತ್ತದೋ ಅದನ್ನೇ ಮೊದಲು ಕಿತ್ತುಕೊಂಡು, ಆಮೇಲೆ “ನೋಡ್ರಿ, ನಾ ಹೇಳಿದ್ದೆ” ಎನ್ನುವುದು.

ಮಾಡಬೇಕಾದ್ದೇನು?

ಈ ಸೀಮೆಯ ಹಿರಿಯರಿಗೆ ಇದು ತಿಳಿಯದ ಮಾತಾಗಿರಲಿಲ್ಲ. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಬಡ ಹುಡುಗರಿಗೆ ಉಚಿತ ಪ್ರಸಾದ ನಿಲಯ ನಡೆಸಿದರು. ಹಳ್ಳಿಯ ಎಷ್ಟೋ ಹುಡುಗರು ಅಲ್ಲಿ ಉಂಡು ಓದಿ ದೊಡ್ಡವರಾದರು. ಸರಕಾರವೂ 2002ರಿಂದ ಅಕ್ಷರ ದಾಸೋಹದ ಬಿಸಿಯೂಟ, 2013ರಿಂದ ಕ್ಷೀರಭಾಗ್ಯದ ಹಾಲು ಕೊಟ್ಟಿತು. ಹಸಿದ ಹೊಟ್ಟೆಗೆ ಮಗ್ಗಿ ಹತ್ತುವುದಿಲ್ಲ.

ಕಲಿಸುವ ಬಗೆಯಲ್ಲೂ ಕರ್ನಾಟಕದ್ದೇ ಒಂದು ಮಾದರಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಹುಟ್ಟಿದ ‘ನಲಿ-ಕಲಿ’ಯಲ್ಲಿ ಪ್ರತಿ ಮಗುವೂ ತನ್ನ ಓಟಕ್ಕೆ ತಕ್ಕಂತೆ ಮೆಟ್ಟಿಲು ಹತ್ತುತ್ತದೆ. ನಿಧಾನ ಹತ್ತುವುದು ನಪಾಸಲ್ಲ. 2009ರ ಹೊತ್ತಿಗೆ ಅದು ರಾಜ್ಯದ ಸರಕಾರಿ ಸಾಲಿಗಳ ಕೆಳಗಿನ ಇಯತ್ತೆಗಳಿಗೆಲ್ಲ ಬಂತು.

ಪಾಲಕರ ಕೈಯಲ್ಲೂ ಕೆಲಸವಿದೆ. ಹಿಂದಿನ ಬೆಂಚಿನಲ್ಲಿ ಕೂತ ‘ದಡ್ಡ’ನಿಗೆ ಫಲಕವೇ ಕಾಣುತ್ತಿಲ್ಲವೋ ಏನೋ, ಮೊದಲು ಕಣ್ಣು, ಕಿವಿ ತೋರಿಸಬೇಕು. ಮುಖ ಬಿಳಿಚಿದ್ದರೆ ರಕ್ತ ತೋರಿಸಬೇಕು. ಅಂಗಡಿಯಲ್ಲಿ ಹುಡುಗ ಬಾಯಲ್ಲಿ ಹಾಕಿದ ಲೆಕ್ಕವನ್ನು ರಾತ್ರಿ ಹಾಳೆಯ ಮೇಲೆ ಬರೆಯಿಸಬೇಕು. ಇದಕ್ಕೆ ತಂದೆತಾಯಿ ಪದವೀಧರರೇ ಆಗಬೇಕಿಲ್ಲ. ಪರೀಕ್ಷೆ ತಪ್ಪಿದರೆ ವರ್ಷ ಕಾಯಬೇಕಿಲ್ಲ. 2024ರಿಂದ ಎಸ್‌.ಎಸ್‌.ಎಲ್‌.ಸಿ.ಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಕೂಡುವ ಅವಕಾಶವಿದೆ.

ಎಲ್ಲ ಮಕ್ಕಳೂ ಡಾಕ್ಟರ್, ಇಂಜಿನಿಯರ್ ಆಗುತ್ತಾರೆಂದು ಯಾರೂ ಹೇಳುತ್ತಿಲ್ಲ. ನಿನ್ನೆ ಬಾರದ ಲೆಕ್ಕ ನಾಳೆ ಬಂದೀತು ಎಂಬುದಷ್ಟೇ ಮಾತು. ಅಂಕಪಟ್ಟಿ ಎಂಬುದು ಇಲ್ಲಿಯತನಕದ ಫಸಲಿನ ತೂಕ. ಬರುವ ಹಂಗಾಮಿನ ಬೆಳೆಯನ್ನು ಅದೇ ತಕ್ಕಡಿಯಲ್ಲಿ ಇಂದೇ ತೂಗಲು ಬಾರದು. ಹೊಲವನ್ನು ಒಂದು ವರ್ಷದ ಬರಕ್ಕೆ ಮಾರಿಬಿಡದ ರೈತ, ಮಗನ ಓದನ್ನು ಮಾತ್ರ ಒಂದು ಪರೀಕ್ಷೆಗೆ ಯಾಕೆ ಮಾರಬೇಕು?