ಐವತ್ತು ಮಿಲಿಲೀಟರ್ ಮತ್ತು ಸರ್ವೋ ಮೋಟರ್

2024ರ ಜೂನ್ ಕೊನೆಯಲ್ಲಿ ಬೆಂಗಳೂರಿನ ರಾಮಮೂರ್ತಿ ನಗರದ ಅಂಗಡಿಗಳಿಗೆ ಬಂದ ನಂದಿನಿ ಹಾಲಿನ ಅರ್ಧ ಲೀಟರ್ ಪ್ಯಾಕೆಟ್‌ನಲ್ಲಿ 550 ಮಿ.ಲೀ. ಇತ್ತು, ಬೆಲೆ ಎರಡು ರೂಪಾಯಿ ಏರಿತ್ತು. 2025ರ ಏಪ್ರಿಲ್‌ನಿಂದ ಮತ್ತೆ 500. ಕೊಳ್ಳುವವರು ಬೆಲೆಯ ಲೆಕ್ಕ ಹಾಕಿದರು. ಪ್ಯಾಕಿಂಗ್ ಯಂತ್ರ ನಡೆಸುವವರಿಗೆ ಇಂಥ ಬದಲಾವಣೆಯೆಂದರೆ ತುಂಬುವ ಪ್ರಮಾಣವನ್ನೂ, ಬೇಕಾದರೆ ಪ್ಯಾಕೆಟ್ಟಾಗುವ ಪಾಲಿಥೀನ್ ಫಿಲ್ಮಿನ ಉದ್ದವನ್ನೂ ಹೊಸದಾಗಿ ಹೊಂದಿಸಬೇಕು.

ಹಾಲಿನ ಪ್ಯಾಕೆಟ್ಟನ್ನು ತಿರುಗಿಸಿ ನೋಡಿ. ಹಿಂದೆ ಉದ್ದಕ್ಕೆ ಒಂದು ಸೀಲ್, ಮೇಲೊಂದು ಕೆಳಗೊಂದು ಅಡ್ಡ ಸೀಲ್. ಸುರುಳಿಯಿಂದ ಇಳಿಯುವ ಪಾಲಿಥೀನ್ ಹಾಳೆ ಕೊಳವೆಯಾಗುತ್ತದೆ, ಅದರೊಳಗೆ ಹಾಲು ಸುರಿಯುತ್ತದೆ, ಬಿಸಿ ದವಡೆ ಬಂದು ಕಚ್ಚುತ್ತದೆ. ಒಂದು ಪ್ಯಾಕೆಟ್‌ನ ಬಾಯಿ ಮುಚ್ಚುವ ಅದೇ ಕಚ್ಚು ಮುಂದಿನದರ ತಳವನ್ನೂ ಮುಚ್ಚುತ್ತದೆ. ಫಿಲ್ಮ್ ತುಸು ಜಾರಿದರೂ ಅಳತೆ ಕೆಟ್ಟಿತು. ದವಡೆ ಬೇಗ ಬಿಟ್ಟರೆ ಪ್ಯಾಕೆಟ್ ಸೋರಿತು.

ಹಲವು ಹಳೆಯ ಯಂತ್ರಗಳಲ್ಲಿ ಇಷ್ಟೆಲ್ಲ ಕೆಲಸಕ್ಕೂ ಒಂದೇ ಮೋಟರ್. ಶಾಫ್ಟ್, ಚೈನ್, ಕ್ಯಾಮ್‌ಗಳೇ ಒಂದರ ಹಿಂದೆ ಒಂದು ಕೆಲಸವಾಗುವಂತೆ ನೋಡಿಕೊಳ್ಳುತ್ತಿದ್ದವು. ಅಳತೆ ಬದಲಾದರೆ ಯಂತ್ರ ನಿಲ್ಲಿಸಿ ಸ್ಪ್ಯಾನರ್ ಹಿಡಿಯಬೇಕು. ರಾಮಮೂರ್ತಿ ನಗರದಿಂದ ತುಸು ದೂರದ ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಕಾರ್ಖಾನೆ ತಯಾರಿಸುತ್ತಿದ್ದಂಥ ಇಂಡಕ್ಷನ್ ಮೋಟರುಗಳು ಗಟ್ಟಿಮುಟ್ಟು, ಆದರೆ ತಾವು ಎಷ್ಟು ತಿರುಗಿದೆವು ಎಂಬುದು ಅವಕ್ಕೆ ತಿಳಿಯದು.

ಸರ್ವೋ ಮೋಟರಿಗೆ ತಿಳಿಯುತ್ತದೆ. ಅದರ ಹಿಂಬದಿಯ ಎನ್‌ಕೋಡರ್ 20 ಬಿಟ್‌ನದಾದರೆ ಒಂದು ಸುತ್ತನ್ನು 10,48,576 ಭಾಗವಾಗಿ ಗುರುತಿಸಬಲ್ಲದು. ಮೋಟರನ್ನು ನಡೆಸುವ ಡ್ರೈವ್ ಸೆಕೆಂಡಿಗೆ ಸಾವಿರಾರು ಸಲ ಆ ಲೆಕ್ಕ ನೋಡಿ ತಪ್ಪನ್ನು ತಿದ್ದುತ್ತದೆ. ಫಿಲ್ಮ್ ಎಳೆಯಲು ಒಂದು ಸರ್ವೋ, ದವಡೆಗೆ ಇನ್ನೊಂದು. ಇವನ್ನು ಕೂಡಿಸುವ ಶಾಫ್ಟ್ ಈಗ ಕೇಂದ್ರ ಕಂಟ್ರೋಲರಿನ ಪ್ರೋಗ್ರಾಮಿನಲ್ಲಿ ಮಾತ್ರ ತಿರುಗುತ್ತಿರುತ್ತದೆ. ಮೋಟರುಗಳೆಲ್ಲ ಅದನ್ನೇ ಅನುಸರಿಸುತ್ತವೆ. ಫಿಲ್ಮಿನ ಉದ್ದ ಬದಲಿಸಲು ಪರದೆಯ ಮೇಲೆ ಅಂಕಿ ತಿದ್ದಿದರೆ ಸಾಕು. ನನಗೆ ಇದರಲ್ಲಿ ತುಂಬ ಇಷ್ಟವಾಗುವುದು ಈ ಕಾಣದ ಶಾಫ್ಟೇ.

ಡ್ರೈವನ್ನು ಮೋಟರಿನಲ್ಲೇ ಸೇರಿಸಿದ ಇಂಟಿಗ್ರೇಟೆಡ್ ಸರ್ವೋಗಳಲ್ಲಿ ವೈರಿಂಗ್ ಕಡಿಮೆ, ಪ್ಯಾನೆಲ್ ಚಿಕ್ಕದು. ಆದರೆ ಮೋಟರಿನ ಕಾವು ಪಕ್ಕದಲ್ಲೇ ಇರುವ ಎಲೆಕ್ಟ್ರಾನಿಕ್ಸ್‌ಗೂ ತಟ್ಟುತ್ತದೆ. ದಿನವೂ ನೀರು ಹೊಡೆದು ತೊಳೆಯುವ ಡೇರಿಗಳಲ್ಲಿ ನೀರು ನುಗ್ಗದಂಥ ಕವಚ ಇರಲೇಬೇಕು.

ಮಸಾಲೆ, ಚಿಪ್ಸ್ ಪ್ಯಾಕ್ ಮಾಡುವ ಸಣ್ಣ ಘಟಕಗಳು ಸರ್ವೋಗಾಗಿ ಇಡೀ ಯಂತ್ರವನ್ನು ಗುಜರಿಗೆ ಹಾಕಬೇಕಿಲ್ಲ. ಫ್ರೇಮ್ ಗಟ್ಟಿಯಿದ್ದರೆ ಮೊದಲು ಫಿಲ್ಮ್ ಎಳೆಯುವ ಭಾಗಕ್ಕೆ ಸರ್ವೋ ಹಾಕಿಸಲಿ. ಉದ್ದದ ಏರುಪೇರು ಹೆಚ್ಚಾಗಿ ಹುಟ್ಟುವುದು ಅಲ್ಲೇ. ಅದಕ್ಕೂ ಮುಂಚೆ ಬೇರಿಂಗ್‌ಗಳ ಸಡಿಲ, ರೋಲರುಗಳ ಸವೆತ, ದವಡೆಯ ಹೀಟರ್ ಇಷ್ಟನ್ನು ನೋಡಿಕೊಳ್ಳಬೇಕು. ಹೀಟರ್ ಒಂದು ಕಡೆ ತಣ್ಣಗಿದ್ದರೆ ಸರ್ವೋ ಹಾಕಿದ ಮೇಲೂ ಪ್ಯಾಕೆಟ್ ಅದೇ ಮೂಲೆಯಲ್ಲಿ ಸೋರುತ್ತದೆ.