ಡಾಂಗಲ್‌ನ ದೀಪ ಉರಿಯುತ್ತಿದೆ, ರೌಟರ್‌ಗೆ ನೆಟ್ ಬರುತ್ತಿಲ್ಲ: ಏಕೆ?

ಫೈಬರ್ ಕೇಬಲ್ ತುಂಡಾದ ದಿನ ಹಳ್ಳಿಯ ಸೇವಾ ಕೇಂದ್ರಗಳ ಕೆಲಸ ನಿಂತುಹೋಗುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿಯಂಥ ಹೋಬಳಿ ಊರಿಗೆ ಪಹಣಿಗೋ ಆದಾಯ ಪ್ರಮಾಣಪತ್ರಕ್ಕೋ ಬರುವವರು ಅಂದಿನ ಕೂಲಿ ಬಿಟ್ಟು ಬಂದಿರುತ್ತಾರೆ. ‘ನೆಟ್ ಇಲ್ಲ, ನಾಳೆ ಬನ್ನಿ’ ಎಂದರೆ ಇನ್ನೊಂದು ದಿನದ ಕೂಲಿಯೂ ಹೋಯಿತು.

ಇದಕ್ಕೊಂದು ಅಗ್ಗದ ಪರಿಹಾರವಿದೆ. ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿದ ಚಿಕ್ಕ ರೌಟರ್‌ಗೆ 4ಜಿ ಡಾಂಗಲ್ ಸಿಕ್ಕಿಸಿ, ಕೇಬಲ್ ಕೈಕೊಟ್ಟಾಗ ಅದನ್ನು ಬಳಸುವುದು. ಆದರೆ ಡಾಂಗಲ್‌ನ ದೀಪ ಉರಿದರೂ ನೆಟ್ ಬರದಿದ್ದಾಗ ಹಲವರು ‘ಡಾಂಗಲ್ ಕೆಟ್ಟಿದೆ’ ಎಂದು ಎತ್ತಿಡುತ್ತಾರೆ. ಅದೇ ಡಾಂಗಲ್ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಹಾಗಾದರೆ ಕೊರತೆ ಎಲ್ಲಿದೆ?

ದೀಪ ಹೇಳುವುದು ಕರೆಂಟಿನ ಸುದ್ದಿ ಮಾತ್ರ

ದೀಪ ಉರಿದರೆ ಡಾಂಗಲ್‌ಗೆ ವಿದ್ಯುತ್ ಸಿಕ್ಕಿದೆ ಎಂದಷ್ಟೇ ಅರ್ಥ. ಅದರೊಡನೆ ಮಾತಾಡಲು ರೌಟರ್‌ನ ಕರ್ನಲ್‌ಗೆ, ಅಂದರೆ ತಂತ್ರಾಂಶದ ತಿರುಳಿಗೆ, ಡ್ರೈವರ್ ಬೇಕು. ಲ್ಯಾಪ್‌ಟಾಪ್‌ನಲ್ಲಿ ಜಾಗ ಧಾರಾಳವಾಗಿರುವುದರಿಂದ ಸಾವಿರಾರು ಡ್ರೈವರ್‌ಗಳು ಮೊದಲೇ ತುಂಬಿರುತ್ತವೆ. ಚಿಕ್ಕ ರೌಟರ್‌ನಲ್ಲಿ ಒಟ್ಟು ಜಾಗವೇ ಎಷ್ಟೋ ಸಲ 16 ಎಂಬಿ. ಹಾಗಾಗಿ ಓಪನ್‌ಡಬ್ಲ್ಯೂಆರ್‌ಟಿ ಅಗತ್ಯವಾದ ಡ್ರೈವರ್‌ಗಳನ್ನಷ್ಟೇ ಇಟ್ಟುಕೊಂಡು, ಉಳಿದವನ್ನು ಮಾಡ್ಯೂಲ್ ಎಂಬ ಬಿಡಿ ಪ್ಯಾಕೇಜ್‌ಗಳಾಗಿ ಕೊಡುತ್ತದೆ. ಬೇಕಾದದ್ದನ್ನು ನಾವೇ ಸೇರಿಸಬೇಕು.

ಯಾವ ಮಾಡ್ಯೂಲ್?

ಅದು ಡಾಂಗಲ್‌ನ ಕಂಪನಿಗಿಂತ ಅದು ಮಾತಾಡುವ ರೀತಿಯನ್ನು ಅವಲಂಬಿಸಿದೆ. ಆಂಡ್ರಾಯ್ಡ್ ಫೋನಿನಿಂದ ಯುಎಸ್‌ಬಿ ಮೂಲಕ ನೆಟ್ ಪಡೆಯಲು ಸಾಮಾನ್ಯವಾಗಿ ಆರ್‌ಎನ್‌ಡಿಐಎಸ್ ಮಾಡ್ಯೂಲ್ ಬೇಕು. ಹುವಾವೆ ಇ3372 ಡಾಂಗಲ್‌ನ ಹೈಲಿಂಕ್ ಮಾದರಿಗೆ ಸಿಡಿಸಿ-ಈಥರ್ ಬೇಕು.

ಇಲ್ಲೊಂದು ತೊಡಕಿದೆ. ಇಂಥ ಅನೇಕ ಡಾಂಗಲ್‌ಗಳು ಸಿಕ್ಕಿಸಿದ ಕೂಡಲೇ ಮೋಡೆಮ್ ಎಂದು ಹೇಳಿಕೊಳ್ಳುವುದಿಲ್ಲ. ವಿಂಡೋಸ್‌ಗೆ ಬೇಕಾದ ತಂತ್ರಾಂಶ ಹೊತ್ತ ಸಿಡಿ ಡ್ರೈವ್‌ನಂತೆ ನಟಿಸುತ್ತವೆ. ಅವನ್ನು ಮೋಡೆಮ್ ಆಗಿ ಬದಲಿಸಲು ಯುಎಸ್‌ಬಿ-ಮೋಡ್‌ಸ್ವಿಚ್ ಎಂಬ ಪ್ಯಾಕೇಜ್ ಬೇಕು. ಎಲ್‌ಎಸ್‌ಯುಎಸ್‌ಬಿ ಆಜ್ಞೆ ಕೊಟ್ಟರೆ ಇದು ಕಣ್ಣಿಗೆ ಕಾಣುತ್ತದೆ: ಇ3372ರ ಗುರುತು ಸಂಖ್ಯೆ ಮೊದಲು 12ಡಿ1:1ಎಫ್01, ಬದಲಾದ ಮೇಲೆ 12ಡಿ1:14ಡಿಸಿ.

ಬಲವಂತ ಬೇಡ

ಮಾಡ್ಯೂಲ್ ನಿಮ್ಮ ರೌಟರ್‌ನ ಕರ್ನಲ್ ಆವೃತ್ತಿಗೆ ಸರಿಯಾಗಿ ಹೊಂದಬೇಕು. ಹೊಂದದಿದ್ದರೆ ‘ಕರ್ನಲ್ ಹೊಂದುವುದಿಲ್ಲ’ ಎಂಬ ಸಂದೇಶ ಬರುತ್ತದೆ. ಬಲವಂತವಾಗಿ ಹಾಕುವ ಆಯ್ಕೆಯೂ ಇದೆ, ಆದರೆ ಮಾಡ್ಯೂಲ್ ಕರ್ನಲ್‌ನ ಒಳಗೇ ಓಡುವುದರಿಂದ ಅದು ಎಡವಿದರೆ ಇಡೀ ರೌಟರ್ ಬೀಳಬಹುದು. ಅದೇ ಆವೃತ್ತಿಯ ಪ್ಯಾಕೇಜ್ ಹುಡುಕುವುದೇ ದಾರಿ. ದಿನದಿನವೂ ಬದಲಾಗುವ ಪ್ರಾಯೋಗಿಕ ಆವೃತ್ತಿಗಿಂತ ಸ್ಥಿರ ಆವೃತ್ತಿ ಲೇಸು.

ನೆಟ್ ಬಂದರೆ ಕೆಲಸ ಮುಗಿಯಲಿಲ್ಲ

ಹೊಸ ಸಂಪರ್ಕವನ್ನು ಫೈರ್‌ವಾಲ್‌ನ ಯಾವ ವಲಯಕ್ಕೆ ಸೇರಿಸುತ್ತೀರಿ ಎಂಬುದು ಮುಖ್ಯ. ಅದು ‘ವ್ಯಾನ್’ ವಲಯಕ್ಕೇ ಸೇರಬೇಕು. ಅಲ್ಲಿ ಹೊರಗಿನಿಂದ ತಾನಾಗಿ ಬರುವ ಸಂಪರ್ಕಗಳಿಗೆ ಪ್ರವೇಶವಿಲ್ಲ. ತಪ್ಪಿ ‘ಲ್ಯಾನ್’ ವಲಯಕ್ಕೆ ಸೇರಿಸಿದರೆ ಹೊರಗಿನವರನ್ನೂ ಮನೆಯವರೆಂದೇ ರೌಟರ್ ನಂಬುತ್ತದೆ. ಬೇಲಿ ಹಾಕಿ ಗೇಟು ತೆರೆದಿಟ್ಟಂತೆ.

ಮೊದಲು ಕೇಬಲ್, ಆಮೇಲೆ ಡಾಂಗಲ್ ಎಂಬ ಸರದಿಗಾಗಿ ಡಾಂಗಲ್‌ಗೆ ಹೆಚ್ಚಿನ ಮೆಟ್ರಿಕ್ ಸಂಖ್ಯೆ ಕೊಡಬೇಕು. ಆದರೆ ಊರಾಚೆ ಎಲ್ಲೋ ಫೈಬರ್ ಕಡಿದಾಗ, ಒಳಗಿನ ಪೆಟ್ಟಿಗೆಗೆ ಕೇಬಲ್ ಅಂಟಿಕೊಂಡೇ ಇರುವುದರಿಂದ ರೌಟರ್‌ಗೆ ಎಲ್ಲವೂ ಸರಿಯಿದ್ದಂತೆ ಕಾಣಬಹುದು. ಆಗಾಗ ಹೊರಲೋಕಕ್ಕೆ ಪಿಂಗ್ ಕಳಿಸಿ ನೋಡಿ ದಾರಿ ಬದಲಿಸುವ ಎಂವ್ಯಾನ್3 ಪ್ಯಾಕೇಜ್ ಇರುವುದು ಇದಕ್ಕೇ.

ಅಪ್‌ಡೇಟ್‌ಗೆ ಮೊದಲು

ರೌಟರ್‌ನ ತಂತ್ರಾಂಶವನ್ನು ಸಾಮಾನ್ಯ ಕ್ರಮದಲ್ಲಿ ನವೀಕರಿಸಿದಾಗ ಸೆಟ್ಟಿಂಗ್‌ಗಳು ಉಳಿಯುತ್ತವೆ, ನೀವು ಸೇರಿಸಿದ ಮಾಡ್ಯೂಲ್‌ಗಳು ಅಳಿಸಿಹೋಗುತ್ತವೆ. ಆಗ ಡಾಂಗಲ್ ಒಂದೇ ಗತಿಯಾಗಿದ್ದರೆ ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂತಾಗುತ್ತದೆ: ನೆಟ್ ಬರಲು ಡ್ರೈವರ್ ಬೇಕು, ಡ್ರೈವರ್ ಇಳಿಸಲು ನೆಟ್ ಬೇಕು.

ಹೊಸ ಆವೃತ್ತಿಗೆ ಹೊಂದುವ ಪ್ಯಾಕೇಜ್‌ಗಳನ್ನು ಮೊದಲೇ ಲ್ಯಾಪ್‌ಟಾಪ್‌ಗೆ ಇಳಿಸಿಟ್ಟುಕೊಳ್ಳಿ. ಇಲ್ಲವೇ ಓಪನ್‌ಡಬ್ಲ್ಯೂಆರ್‌ಟಿಯ ಫರ್ಮ್‌ವೇರ್ ಸೆಲೆಕ್ಟರ್ ಪುಟದಲ್ಲಿ ಪ್ಯಾಕೇಜ್‌ಗಳ ಹೆಸರು ಸೇರಿಸಿ, ಡ್ರೈವರ್ ಒಳಗೊಂಡ ತಂತ್ರಾಂಶವನ್ನೇ ತಯಾರಿಸಿಕೊಳ್ಳಿ. ಎಲ್ಲ ಮುಗಿದ ಮೇಲೆ ಜನರಿಲ್ಲದ ಹೊತ್ತಿನಲ್ಲಿ ಫೈಬರ್ ಪೆಟ್ಟಿಗೆಗೆ ಬರುವ ಕೇಬಲ್ ತೆಗೆದು, ಡಾಂಗಲ್ ತಾನಾಗಿ ಕೆಲಸ ಹಿಡಿಯುತ್ತದೆಯೇ ನೋಡಿ. ಈ ಐದು ನಿಮಿಷದ ಪರೀಕ್ಷೆ ಮಾಡದೆ ಬದಲಿ ವ್ಯವಸ್ಥೆ ಇದೆ ಎಂದು ನಂಬಬೇಡಿ.